ಖಲೀಲ್ ಭಾಯ್ ಬಿಗಿದ ನಟ್ಟು

ಇದು 2022ರ ಬೇಸಿಗೆಯಲ್ಲಿ ನಡೆದದ್ದು. ಶಿರಾದ ಹೆದ್ದಾರಿ ಬದಿಯಲ್ಲಿ ನಾನು ಹೈಡ್ರಾಲಿಕ್ ಹೋಸ್ ತಯಾರಿಸುವ ಅಂಗಡಿ ತೆರೆದು ಆಗ ಹದಿನಾರು ವರ್ಷವಾಗಿತ್ತು. ಅದಕ್ಕೂ ಮೊದಲು ತುಮಕೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಒಂದು ಟ್ರಾಕ್ಟರ್ ಶೋರೂಮಿನ ಸರ್ವಿಸ್ ವಿಭಾಗದಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೆ. ಹೆಂಗಸು ಈ ಅಂಗಡಿ ನಡೆಸುತ್ತಾಳೆ ಎಂದು ಮೊದಮೊದಲು ಜನ ನಿಂತು ನೋಡುತ್ತಿದ್ದರು. ಹದಿನಾರು ವರ್ಷದಲ್ಲಿ ಅವರಿಗೂ ಅಭ್ಯಾಸವಾಯಿತು, ನನಗೂ ಆಯಿತು.

ನನ್ನ ಕೆಲಸವನ್ನು ಸ್ವಲ್ಪ ವಿವರಿಸುತ್ತೇನೆ. ಜೆಸಿಬಿಯ ತೋಳು ಮೇಲೇಳುವುದು, ಟ್ರಾಕ್ಟರಿನ ಟ್ರೈಲರ್ ಎತ್ತುವುದು, ಬೋರ್‌ವೆಲ್ ಲಾರಿಯ ರಿಗ್ ನೆಟ್ಟಗೆ ನಿಲ್ಲುವುದು, ಎಲ್ಲವೂ ಎಣ್ಣೆಯ ಒತ್ತಡದಿಂದ. ಆ ಎಣ್ಣೆ ಹರಿಯುವ ರಬ್ಬರ್ ಕೊಳವೆಯೇ ಹೋಸ್. ಒಳಗೊಂದು ರಬ್ಬರ್ ಪದರ, ಅದರ ಮೇಲೆ ಜಡೆಯಂತೆ ಹೆಣೆದ ಉಕ್ಕಿನ ತಂತಿ, ಅದರ ಮೇಲೆ ಇನ್ನೊಂದು ರಬ್ಬರ್. ಹೋಸ್ ಒಡೆದರೆ ಹಳೆಯದನ್ನು ನನ್ನ ಬಳಿ ತರುತ್ತಾರೆ. ಅದೇ ಅಳತೆಗೆ ಹೊಸ ಹೋಸ್ ಕತ್ತರಿಸಿ, ಎರಡು ತುದಿಗೂ ಉಕ್ಕಿನ ಫಿಟ್ಟಿಂಗ್ ಕೂರಿಸಿ, ಕ್ರಿಂಪಿಂಗ್ ಮಿಷನ್ನಿನಲ್ಲಿ ಸುತ್ತಲಿಂದ ಒತ್ತಿ ಬಿಗಿದುಕೊಡುತ್ತೇನೆ. ಒಮ್ಮೆ ಒತ್ತಿದ ಮೇಲೆ ಅದನ್ನು ಬಿಚ್ಚಲು ಬರುವುದಿಲ್ಲ. ತಪ್ಪಾದರೆ ಕತ್ತರಿಸಿ ಬಿಸಾಡಬೇಕು.

ಬೇಸಿಗೆಯೆಂದರೆ ಬೋರ್‌ವೆಲ್ ರಿಗ್‌ಗಳಿಗೆ ಬಿಡುವಿಲ್ಲದ ಕಾಲ. ಆ ವರ್ಷ ನನ್ನ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ತಗಡಿನ ಮಾಡಿನ ಕೆಳಗೆ ಮಧ್ಯಾಹ್ನ ಹನ್ನೆರಡಕ್ಕೇ ತಲೆ ಸಿಡಿಯುತ್ತಿತ್ತು. ಅಂಗಡಿಯನ್ನು ಯಾರಿಗಾದರೂ ವಹಿಸಿಬಿಡೋಣ ಎಂದು ದಿನಕ್ಕೊಮ್ಮೆಯಾದರೂ ಅನ್ನಿಸುತ್ತಿತ್ತು. ಅಂಥ ಒಂದು ದಿನ ಇಬ್ಬರು ಹಿರಿಯರು ಒಂದು ಹಳೆಯ ಹೋಸನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದರು.

ಒಬ್ಬರು ರಾಮಾಂಜಿನಪ್ಪ, ಪಾವಗಡ ತಾಲ್ಲೂಕಿನ ತಿರುಮಣಿ ಕಡೆಯವರು. ಅರವತ್ತು ದಾಟಿದ ವಯಸ್ಸು. ಮಾತಿನಲ್ಲಿ ತೆಲುಗು ಬೆರೆತಿರುತ್ತಿತ್ತು. ಅವರ ಹೊಲವೆಲ್ಲ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿತ್ತು. ಉಳುವುದಕ್ಕೆ ನೆಲವಿಲ್ಲದೆ ಸುಮ್ಮನೆ ಕೂರಲಾರದೆ, ಬೆಂಗಳೂರಿನಲ್ಲಿ ಯಾರದೋ ಶೆಡ್ಡಿನಲ್ಲಿ ನಿಂತಿದ್ದ ಒಂದು ವಿದೇಶಿ ಕಾರನ್ನು ಕೊಂಡು ತಂದಿದ್ದರು. ಮೂವತ್ತೈದು ವರ್ಷ ಹಳೆಯದು. ಬಿಳಿ ಬಣ್ಣ, ಉದ್ದನೆಯ ಮೂತಿ. ಸುತ್ತಲಿನ ಮೂರ್ನಾಲ್ಕು ತಾಲ್ಲೂಕಿನ ಮದುವೆಗಳಲ್ಲಿ ಗಂಡು ಹೆಣ್ಣನ್ನು ಆ ಕಾರಿನಲ್ಲೇ ಕರೆದೊಯ್ಯುವುದು ಒಂದು ರೂಢಿಯಾಗಿಬಿಟ್ಟಿತ್ತು.

"ಎತ್ತು ಕಟ್ಟಾಕೆ ಜಾಗ ಇಲ್ಲ ಕಣಮ್ಮ. ಏನಾರ ಓಡುಸ್ಬೇಕಲ್ಲ," ಎಂದರು ರಾಮಾಂಜಿನಪ್ಪ.

ಇನ್ನೊಬ್ಬರು ಖಲೀಲ್ ಭಾಯ್, ಮಧುಗಿರಿಯ ಮೆಕ್ಯಾನಿಕ್. ಅವರಿಗೆ ಅರವತ್ತೆಂಟು. ಹಳೆಯ ಗಾಡಿ ಎಂದರೆ ಆ ಭಾಗದಲ್ಲಿ ಎಲ್ಲರೂ ಅವರ ಹೆಸರನ್ನೇ ಹೇಳುತ್ತಿದ್ದರು. ರಾಮಾಂಜಿನಪ್ಪನವರ ಬಳಿ ಡೀಸೆಲ್ ಪಂಪ್‌ಸೆಟ್ ಇದ್ದ ಕಾಲದಿಂದ ಇಬ್ಬರಿಗೂ ಸ್ನೇಹ. ಭಾಯ್ ಪೇಪರ್ ಬಿಚ್ಚುವಾಗ ಅವರ ಬೆರಳು ಸಣ್ಣಗೆ ನಡುಗುವುದನ್ನು ನೋಡಿದೆ.

ಅವರು ತಂದಿದ್ದು ಪವರ್ ಸ್ಟೀರಿಂಗ್ ಹೋಸ್. ಎಂಜಿನ್ನಿನಿಂದ ತಿರುಗುವ ಒಂದು ಪಂಪ್ ಈ ಹೋಸಿನ ಮೂಲಕ ಸ್ಟೀರಿಂಗ್ ಬಾಕ್ಸಿಗೆ ಎಣ್ಣೆ ಒತ್ತುತ್ತದೆ. ಆ ಒತ್ತಡ ಚಕ್ರ ತಿರುಗಿಸಲು ನೆರವಾಗುವುದರಿಂದ ಭಾರದ ಕಾರನ್ನೂ ಒಂದು ಕೈಯಲ್ಲಿ ತಿರುಗಿಸಬಹುದು. ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ ಒತ್ತಡ ನೂರು ಬಾರ್ ಮುಟ್ಟುತ್ತದೆ, ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡದ ಸುಮಾರು ನಲವತ್ತೈದು ಪಟ್ಟು. ರಾಮಾಂಜಿನಪ್ಪನವರಿಗೆ ಇದು ಬರೀ ಅನುಕೂಲವಾಗಿರಲಿಲ್ಲ. ಬಹಳ ಹಿಂದೆ ಟ್ರಾಕ್ಟರಿನಿಂದ ಬಿದ್ದು ಅವರ ಬಲ ಭುಜ ಜಖಂ ಆಗಿತ್ತು, ಆ ಕೈಗೆ ಶಕ್ತಿಯಿರಲಿಲ್ಲ. ಪವರ್ ಸ್ಟೀರಿಂಗ್ ಇದೆ ಎಂಬ ಕಾರಣಕ್ಕೇ ಅವರು ಆ ಕಾರನ್ನು ಕೊಂಡಿದ್ದರು.

ಹೋಸಿನ ರಬ್ಬರು ಬಿರುಕು ಬಿಟ್ಟು ಕೆಂಪು ಎಣ್ಣೆ ಜಿನುಗುತ್ತಿತ್ತು. ಆ ಕಾರಿಗೆ ಹೊಸ ಹೋಸ್ ಎಲ್ಲಿಯೂ ಸಿಗುವಂತಿರಲಿಲ್ಲ. ಎರಡು ತುದಿಯಲ್ಲಿದ್ದ ಬಾಗಿದ ಉಕ್ಕಿನ ಕೊಳವೆಗಳನ್ನು ಉಳಿಸಿಕೊಂಡು, ನಡುವಿನ ರಬ್ಬರ್ ಭಾಗವನ್ನಷ್ಟೇ ಹೊಸದಾಗಿ ಮಾಡಬೇಕಿತ್ತು.

ಹೊರಡುವಾಗ ಖಲೀಲ್ ಭಾಯ್ ಹೇಳಿದರು: "ಅಮ್ಮಾ, ಎರಡು ಕಡೇನೂ ಬಗ್ಗಿದೆ. ಆಂಗಲ್ ಗುರುತು ಹಾಕ್ಕಂಡು ಆಮೇಲೆ ಕಟ್ ಮಾಡಿ."

"ಗೊತ್ತು ಭಾಯ್," ಎಂದೆ.

ಗೊತ್ತಿದ್ದದ್ದು ನಿಜ. ಒಂದೇ ತುದಿ ಬಾಗಿದ್ದರೆ ಚಿಂತೆಯಿಲ್ಲ. ಎರಡೂ ಬಾಗಿದ್ದರೆ ಒಂದು ಯಾವ ದಿಕ್ಕಿಗೆ ನೋಡುತ್ತದೆ, ಇನ್ನೊಂದು ಯಾವ ದಿಕ್ಕಿಗೆ ಎಂಬುದನ್ನು ಕತ್ತರಿಸುವ ಮುಂಚೆಯೇ ಗೆರೆ ಎಳೆದು ಗುರುತಿಸಿಕೊಳ್ಳಬೇಕು. ಇಲ್ಲದಿದ್ದರೆ ಗಾಡಿಗೆ ಹಾಕುವಾಗ ಹೋಸನ್ನು ತಿರುಚಿ ಕೂರಿಸಬೇಕಾಗುತ್ತದೆ.

ಆ ದಿನ ಬೆಳಗ್ಗೆಯಿಂದ ಒಂಬತ್ತು ಹೋಸ್ ಮುಗಿಸಿದ್ದೆ. ಎರಡು ಬೋರ್‌ವೆಲ್ ಲಾರಿಯವರು ಬಾಗಿಲಲ್ಲೇ ನಿಂತು ಅವಸರ ಮಾಡುತ್ತಿದ್ದರು. ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಕರೆಂಟ್ ಬಂದ ತಕ್ಷಣ ಕಟ್ಟರ್ ಹಾಕಿ ಕೈಗೆ ಸಿಕ್ಕಿದ್ದನ್ನೆಲ್ಲ ಕತ್ತರಿಸಿದೆ. ಆ ಕಾರಿನ ಹೋಸೂ ಅದರಲ್ಲಿತ್ತು. ಎರಡು ತುಂಡು ಬೇರೆಯಾಗಿ ಬೆಂಚಿನ ಮೇಲೆ ಬಿದ್ದಾಗ, ಗೆರೆ ಎಳೆದಿಲ್ಲವೆಂದು ಹೊಳೆಯಿತು.

ಆಗಲೇ ಫೋನ್ ಮಾಡಿದ್ದರೆ ಆಗುತ್ತಿತ್ತು. ಕಾರಿನ ಹತ್ತಿರ ಹೋಗಿ ಅಳತೆ ತರಬಹುದಿತ್ತು. ಮಾಡಲಿಲ್ಲ. ಹಳೆಯ ಹೋಸ್ ಹೇಗಿತ್ತೆಂದು ಕಣ್ಣಂದಾಜಿನಲ್ಲಿ ನೆನಪಿಸಿಕೊಂಡು ತುದಿಗಳನ್ನು ಕೂರಿಸಿ ಒತ್ತಿಬಿಟ್ಟೆ. ಟೆಸ್ಟ್ ಪಂಪಿಗೆ ಹಾಕಿ ಇನ್ನೂರು ಬಾರ್ ಒತ್ತಡ ಕೊಟ್ಟು ಐದು ನಿಮಿಷ ಇಟ್ಟೆ. ಒಂದು ಹನಿಯೂ ಜಿನುಗಲಿಲ್ಲ. ಹೋಸ್ ಚೆನ್ನಾಗಿಯೇ ಬಂದಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಸಂಜೆ ಬಸ್ಸಿನಲ್ಲಿ ಮಧುಗಿರಿಗೆ ಕಳಿಸಿಕೊಟ್ಟೆ.

ಮೂರು ವಾರದ ಮೇಲೆ ರಾಮಾಂಜಿನಪ್ಪನವರ ಫೋನ್ ಬಂತು. ಕೊರಟಗೆರೆಯಲ್ಲಿ ಧಾರೆ ಮುಗಿಸಿಕೊಂಡು ಗಂಡು ಹೆಣ್ಣನ್ನು ಪುರವರದ ಗಂಡಿನ ಮನೆಗೆ ಕರೆತರುತ್ತಿದ್ದರಂತೆ. ಊರು ಇನ್ನೂ ನಾಲ್ಕು ಕಿಲೋಮೀಟರ್ ಇರುವಾಗ ಒಂದು ತಿರುವಿನಲ್ಲಿ ಬಾನೆಟ್ಟಿನಿಂದ ಹೊಗೆ ಎದ್ದಿದೆ. ಎಣ್ಣೆ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದಿತ್ತು. ಅದೇ ಕ್ಷಣ ಸ್ಟೀರಿಂಗ್ ಕಲ್ಲಿನಂತಾಗಿದೆ. ಬಲಗೈಯಲ್ಲಿ ಬಲವಿಲ್ಲ, ಎಡಗೈ ಒಂದರಲ್ಲಿ ತಿರುಗಲಿಲ್ಲ. ಕಾರು ರಸ್ತೆ ಇಳಿದು ಹೊಂಗೆಮರಕ್ಕೆ ಗುದ್ದಿ ನಿಂತಿತು. ರಾಮಾಂಜಿನಪ್ಪನವರ ಎಡ ಮಣಿಕಟ್ಟು ಮುರಿಯಿತು. ಮುಂದಿನ ಸೀಟಿನ ಹಿಂಬದಿಗೆ ಮುಖ ಬಡಿದು ಮದುಮಗಳ ಹುಬ್ಬಿನ ಮೇಲೆ ನಾಲ್ಕು ಹೊಲಿಗೆ ಬಿದ್ದವು.

"ಹೋಸ್ ಒಡೀತಾ?" ಎಂದು ಕೇಳಿದೆ.

"ಹೋಸಿಗೇನೂ ಆಗಿಲ್ಲಮ್ಮ. ಬಾಕ್ಸ್ ಹತ್ರ ನಟ್ಟು ಲೂಸಾಗಿತ್ತು. ಬೆರಳಲ್ಲೇ ತಿರುಗ್ತಿತ್ತು. ಭಾಯ್ ಟೈಟ್ ಮಾಡಿಲ್ಲ."

ಆಗ ನನಗೆ ಸಮಾಧಾನವಾಯಿತು. ಈ ಮಾತನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ, ಆದರೆ ಆದದ್ದು ಸಮಾಧಾನವೇ. ನನ್ನ ಹೋಸ್ ಒಡೆದಿಲ್ಲ. ತಪ್ಪು ಬೇರೆಯವರದು.

ಮಧುಗಿರಿ ಆಸ್ಪತ್ರೆಯ ಅಂಗಳದಲ್ಲಿ ಎರಡೂ ಕಡೆಯ ಬೀಗರ ಎದುರಿಗೆ ರಾಮಾಂಜಿನಪ್ಪ ತಮ್ಮ ಸ್ನೇಹಿತನಿಗೆ, "ನಿನ್ ಕೈ ನಡುಗ್ತೈತೆ ಅಂತ ಗೊತ್ತಿದ್ದೂ ನಿಂಗೆ ಕೊಟ್ಟೆನಲ್ಲ, ನಂದು ತಪ್ಪು," ಎಂದರಂತೆ. ಮರುದಿನದಿಂದ ಖಲೀಲ್ ಭಾಯ್ ಅವರ ಶೆಡ್ಡಿನ ಬಾಗಿಲು ತೆರೆಯಲಿಲ್ಲ. ಇದು ನನಗೆ ಗೊತ್ತಾದದ್ದು ಮಧುಗಿರಿಯಿಂದ ಬರುವ ಒಬ್ಬ ಟ್ರಾಕ್ಟರ್ ಡ್ರೈವರನ ಬಾಯಿಂದ. ಕೇಳಿ ಪಾಪ ಅನ್ನಿಸಿತು. ಅಷ್ಟಕ್ಕೆ ಬಿಟ್ಟು ಕೆಲಸ ಮುಂದುವರಿಸಿದೆ.

ಪಾವಗಡದ ಇನ್ನೊಬ್ಬ ಮೆಕ್ಯಾನಿಕ್ ಕಾರು ರಿಪೇರಿ ಮಾಡಿ, ಆ ನಟ್ಟನ್ನು ಉದ್ದನೆಯ ಸ್ಪ್ಯಾನರ್ ಹಾಕಿ ಬಿಗಿದ. ಆಗಸ್ಟಿನಲ್ಲಿ ರಾಮಾಂಜಿನಪ್ಪನವರಿಂದ ಮತ್ತೆ ಫೋನ್. "ಅಮ್ಮ, ಅದೇ ಜಾಗ ಮತ್ತೆ ಒದ್ದೆ ಆಗೈತೆ. ಫೋಟೊ ಕಳ್ಸೀನಿ, ವಸಿ ನೋಡಿ."

ವಾಟ್ಸಾಪಿನಲ್ಲಿ ಬಂದ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಪ್ರತಿ ಹೋಸಿನ ಮೇಲೂ ಅದರ ಉದ್ದಕ್ಕೆ ಹಳದಿ ಬಣ್ಣದಲ್ಲಿ ಒಂದು ಗೆರೆಯನ್ನು, ಅಳತೆಯನ್ನು ಅಚ್ಚು ಹಾಕಿರುತ್ತಾರೆ. ಹೋಸ್ ಸರಿಯಾಗಿ ಕೂತಿದ್ದರೆ ಆ ಗೆರೆ ಒಂದೇ ಬದಿಯಲ್ಲಿ ಸಾಗುತ್ತದೆ. ಆ ಚಿತ್ರದಲ್ಲಿ ಗೆರೆ ಪಂಪಿನ ಬಳಿ ಮೇಲ್ಗಡೆ ಶುರುವಾಗಿ, ಬಳ್ಳಿಯಂತೆ ಹೋಸನ್ನು ಬಳಸಿಕೊಂಡು ಹೋಗಿ ಇನ್ನೊಂದು ತುದಿಯಲ್ಲಿ ಪಕ್ಕಕ್ಕೆ ಇಳಿದಿತ್ತು.

ಹೋಸ್ ತಿರುಚಿಕೊಂಡಿತ್ತು. ತಿರುಚಿದ ಹೋಸಿಗೆ ಒತ್ತಡ ಬಿದ್ದಾಗಲೆಲ್ಲ ಅದು ನೆಟ್ಟಗಾಗಲು ನೋಡುತ್ತದೆ. ಪ್ರತಿ ಸಲ ಸ್ಟೀರಿಂಗ್ ತಿರುಗಿಸಿದಾಗಲೂ ಆ ನಟ್ಟನ್ನು ಒಂದು ಕೂದಲಿನಷ್ಟು ಬಿಚ್ಚುತ್ತದೆ. ಎಷ್ಟೇ ಬಿಗಿದರೂ ಕೆಲವು ವಾರದಲ್ಲಿ ಸಡಿಲವಾಗಲೇಬೇಕು. ಖಲೀಲ್ ಭಾಯ್ ನಟ್ಟು ಬಿಗಿದಿದ್ದರು. ಅದನ್ನು ಬಿಚ್ಚಿದ್ದು ನನ್ನ ಹೋಸ್.

ಆ ಗೆರೆಯ ಅರ್ಥ ರಾಮಾಂಜಿನಪ್ಪನವರಿಗೆ ಗೊತ್ತಿರಲಿಲ್ಲ, ಪಾವಗಡದ ಮೆಕ್ಯಾನಿಕ್‌ಗೂ ಗೊತ್ತಿರಲಿಲ್ಲ. ಆ ಹೋಸನ್ನು ವಾಪಸ್ ತರಿಸಿಕೊಂಡು, ನಡುವಿನ ರಬ್ಬರನ್ನು ಗುಜರಿಗೆ ಹಾಕಿ, ಸರಿಯಾಗಿ ಮಾಡಿ ಕಳಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಎರಡು ದಿನ ಇದೇ ಯೋಚನೆಯಲ್ಲಿ ಕಳೆದೆ. ಯಾರ ಹತ್ತಿರವೂ ಹೇಳಲಿಲ್ಲ. ಹೇಳಿದರೆ ಮದುಮಗಳ ಮನೆಯವರು ಏನು ಮಾಡುತ್ತಾರೋ, ಅಂಗಡಿಯ ಹೆಸರು ಏನಾಗುತ್ತದೋ ಎಂಬ ಭಯ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳಬೇಕೆಂದರೆ, ಸುಸ್ತು. ಎರಡು ಬಸ್ ಹತ್ತಿ ಇಳಿದು, ಒಬ್ಬರ ಮುಂದೆ ನಿಂತು ಆ ಮಾತನ್ನು ಆಡುವಷ್ಟು ತ್ರಾಣವೇ ನನ್ನಲ್ಲಿ ಇದ್ದಂತಿರಲಿಲ್ಲ.

ಮೂರನೆಯ ದಿನ ಬೆಂಚಿನ ಮೇಲೆ ಹೊಸ ಹೋಸ್ ಕತ್ತರಿಸಲು ಕೂತೆ. ಆಂಗಲ್ ಎಷ್ಟೆಂದು ಗೊತ್ತಿಲ್ಲದೆ ಕತ್ತರಿಸುವಂತಿರಲಿಲ್ಲ. ಕಾರಿನ ಹತ್ತಿರ ಹೋಗದೆ ಬೇರೆ ದಾರಿಯಿಲ್ಲ. ಹೋದ ಮೇಲೆ ಸುಳ್ಳು ಹೇಳಿಕೊಂಡು ಬರುವುದು ನನ್ನ ಕೈಲಾಗದು ಎಂದೂ ಗೊತ್ತಿತ್ತು. ಅಂಗಡಿಗೆ ಬೀಗ ಹಾಕಿ ಮಧುಗಿರಿ ಬಸ್ ಹತ್ತಿದೆ, ಅಲ್ಲಿಂದ ಪಾವಗಡ ದಾಟಿ ತಿರುಮಣಿಗೆ.

ರಾಮಾಂಜಿನಪ್ಪನವರ ಮನೆ ಮುಂದೆ ಕಾರು ನಿಂತಿತ್ತು. ಊರಾಚೆ ಅವರ ಹೊಲವಿದ್ದ ಕಡೆ ಕಣ್ಣು ಹಾಯುವಷ್ಟು ದೂರ ಸೋಲಾರ್ ಫಲಕಗಳು. ಅವರ ಎಡಗೈ ವಾಸಿಯಾಗಿತ್ತು, ಆದರೆ ಮಣಿಕಟ್ಟು ಪೂರ್ತಿ ಮಡಚುತ್ತಿರಲಿಲ್ಲ. ಕಾಫಿ ಬೇಡವೆಂದು ಬಾನೆಟ್ ಎತ್ತಿಸಿದೆ. ಸ್ಟೀರಿಂಗ್ ಬಾಕ್ಸಿನ ಬಳಿಯ ನಟ್ಟನ್ನು ನಾನೇ ಪೂರ್ತಿ ಬಿಚ್ಚಿದೆ. ಬಿಚ್ಚಿದ ತಕ್ಷಣ ಹೋಸಿನ ತುದಿ ತಾನಾಗಿ ಸರಕ್ಕನೆ ತಿರುಗಿ ಬೇರೆ ದಿಕ್ಕಿಗೆ ಮುಖ ಮಾಡಿ ನಿಂತಿತು. ಸುಮಾರು ಅರವತ್ತು ಡಿಗ್ರಿ. ಗಡಿಯಾರದ ಮುಳ್ಳು ಹನ್ನೆರಡರಿಂದ ಎರಡಕ್ಕೆ ಹೋದಷ್ಟು.

"ರಾಮಾಂಜಿನಪ್ಪನವರೇ, ಇದು ನಾನು ಮಾಡಿದ ತಪ್ಪು," ಎಂದೆ. "ಖಲೀಲ್ ಭಾಯ್ ಸರಿಯಾಗೇ ಟೈಟ್ ಮಾಡಿದ್ರು." ಗೆರೆ ಎಳೆಯದೆ ಕತ್ತರಿಸಿದ್ದು, ಅಂದಾಜಿನಲ್ಲಿ ಕೂರಿಸಿದ್ದು, ಎಲ್ಲ ಹೇಳಿದೆ.

ಅವರು ಆ ಹೋಸಿನ ತುದಿಯನ್ನು ಕೈಯಿಂದ ಮತ್ತೆ ಮೊದಲಿನ ಜಾಗಕ್ಕೆ ತಿರುಗಿಸಿ ಬಿಟ್ಟರು. ಅದು ಮತ್ತೆ ತಿರುಗಿಕೊಂಡಿತು.

"ಆ ಮಗು ಮಖದ ಮೇಲೆ ಗೀರು ಉಳ್ಕಂಡೈತಮ್ಮ," ಎಂದರು. "ಅದ್ಕೆ ಭಾಯ್‌ನ ಅಂದ್ಬುಟ್ಟೆ ನಾನು. ಅಷ್ಟು ಜನದ್ ಮುಂದೆ. ನಲವತ್ ವರ್ಷದ ಸ್ನೇಹಿತುಡು."

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಒಳಗೆ ಹೋಗಿ ಅಂಗಿ ಬದಲಿಸಿಕೊಂಡು ಬಂದು, "ನಡೀರಿ. ನಂಗೆ ಹೇಳಿದ್ರೆ ಸಾಲ್ದು," ಎಂದರು.

ಇಬ್ಬರೂ ಬಸ್ಸಿನಲ್ಲಿ ಮಧುಗಿರಿಗೆ ಬಂದೆವು. ದಾರಿಯುದ್ದಕ್ಕೂ ಅವರು ಕಿಟಕಿಯ ಕಡೆ ಮುಖ ಮಾಡಿದ್ದರು. ನಾನು ಕಾರಿನಿಂದ ಬಿಚ್ಚಿ ಚೀಲಕ್ಕೆ ಹಾಕಿಕೊಂಡಿದ್ದ ಹೋಸನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ.

ಖಲೀಲ್ ಭಾಯ್ ಮನೆಯ ಜಗಲಿಯಲ್ಲಿ ಕೂತಿದ್ದರು. ನಾಲ್ಕೇ ತಿಂಗಳಲ್ಲಿ ಬಹಳ ಇಳಿದುಹೋಗಿದ್ದರು. ರಾಮಾಂಜಿನಪ್ಪನವರನ್ನು ನೋಡಿ ಎದ್ದು ನಿಂತರು, ಕೂರಿ ಎಂದರು, ಅಷ್ಟೆ. ರಾಮಾಂಜಿನಪ್ಪ ಕೂರಲಿಲ್ಲ. ನಾನು ಹೋಸ್ ಹೊರತೆಗೆದು ಎರಡನೆಯ ಸಲ ಅದೇ ಮಾತುಗಳನ್ನು ಹೇಳಿದೆ. ಎರಡನೆಯ ಸಲ ಸುಲಭವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಭಾಯ್ ಹೋಸ್ ಇಸಿದುಕೊಂಡು ಎರಡೂ ತುದಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರು. "ಎಷ್ಟು ಡಿಗ್ರಿ ಹೋಗಿದೆ?" ಎಂದು ಕೇಳಿದರು.

"ಅರವತ್ತು."

"ಹೂಂ. ಹಾಕೋವಾಗ ಗಟ್ಟಿ ಬಂತು. ಹೊಸಾ ಹೋಸ್, ಹಂಗೇ ಇರುತ್ತೆ ಅಂತ ಕೂರ್ಸಿಬುಟ್ಟೆ. ನಾನಾದ್ರೂ ನಿಮಗೆ ಫೋನ್ ಮಾಡಿ ಕೇಳ್ಬೇಕಿತ್ತು."

"ಅದು ನಿಮ್ಮ ತಪ್ಪಲ್ಲ ಭಾಯ್. ನೀವು ಹೇಳಿ ಹೋಗಿದ್ರಿ. ನಾನು ಗುರುತು ಹಾಕ್ಲಿಲ್ಲ."

ಅವರು ನಮ್ಮಿಬ್ಬರನ್ನೂ ನೋಡದೆ, ಅಂಗಳದ ಕಡೆ ನೋಡುತ್ತ ಮಾತಾಡಿದರು. "ದಿನಾ ಇಲ್ಲೇ ಕೂತು ನೆನೆಸ್ಕಂತಿದ್ದೆ ಅಮ್ಮಾ. ಸ್ಪ್ಯಾನರ್ ಹಾಕಿದ್ದು ನೆನಪೈತೆ. ಎಳೆದಿದ್ದು ನೆನಪೈತೆ. ಕಡೇ ಎಳೆತ ಎಳೆದ್ನೋ ಇಲ್ವೋ, ಅದೊಂದು ನೆನಪಿಗೆ ಬರ್ತಿರ್ಲಿಲ್ಲ. ಎಳೆದಿಲ್ಲ ಅಂತ ನಾನೇ ನಂಬಿಬುಟ್ಟಿದ್ದೆ. ಸಾಮಾನೆಲ್ಲಾ ಚೀಲಕ್ಕೆ ಕಟ್ಟಿ ಇಟ್ಬುಟ್ಟೆ."

ರಾಮಾಂಜಿನಪ್ಪ ಅವರ ಪಕ್ಕದಲ್ಲಿ ಜಗಲಿಯ ಮೇಲೆ ಕೂತರು. "ಭಾಯ್, ನಾನು ಅಂಗ್ ಅನ್ಬಾರ್ದಾಗಿತ್ತು."

"ಪೋನೀ ರಾಮಾಂಜಿ," ಎಂದರು ಖಲೀಲ್ ಭಾಯ್, ಅವರದೇ ತೆಲುಗಿನಲ್ಲಿ. ಹೋಗಲಿ ಬಿಡು ಎಂದು. ಆದರೆ ಅದನ್ನು ಹೇಳಿದ ದನಿಯಲ್ಲಿ ಪೂರ್ತಿ ಹೋಗಿಬಿಟ್ಟಿರಲಿಲ್ಲ ಎಂದು ನನಗೆ ಅನ್ನಿಸಿತು.

ನಂತರದ ವಾರ ಮೂವರೂ ತಿರುಮಣಿಗೆ ಹೋದೆವು. ಈ ಸಲ ನಾನು ಹಳೆಯ ಹೋಸಿನಿಂದ ಕತ್ತರಿಸಿ ತೆಗೆದ ಎರಡು ಬಾಗಿದ ತುದಿಗಳನ್ನೂ ಕಾರಿನಲ್ಲಿ ಅವುಗಳ ಜಾಗಕ್ಕೇ ಕೂರಿಸಿ, ನಡುವೆ ಹೊಸ ಹೋಸನ್ನು ಸಡಿಲವಾಗಿ ಸಿಕ್ಕಿಸಿ, ಚಕ್ರವನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಎಲ್ಲಿಯೂ ಎಳೆಯುವುದಿಲ್ಲ, ಸೈಲೆನ್ಸರ್ ಪೈಪಿಗೆ ತಾಗುವುದಿಲ್ಲ ಎಂದು ನೋಡಿಕೊಂಡೆ. ತುದಿಯಿಂದ ಹೋಸಿನ ಮೇಲಕ್ಕೆ ಬಿಳಿ ಪೇಂಟಿನಲ್ಲಿ ಗೆರೆ ಎಳೆದೆ. ಶಿರಾಕ್ಕೆ ಒಯ್ದು, ಗೆರೆಗೆ ಗೆರೆ ಕೂಡಿಸಿ ಒತ್ತಿ, ಟೆಸ್ಟ್ ಮಾಡಿ ಎರಡು ದಿನದ ಮೇಲೆ ಮತ್ತೆ ತಂದೆ.

ಬಿಗಿಯುವುದು ಯಾರು ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಭಾಯ್ ಚೀಲ ಬಿಚ್ಚಿ ಸ್ಪ್ಯಾನರ್ ತೆಗೆದುಕೊಂಡರು. ಕೈ ನಡುಗುತ್ತಲೇ ಇತ್ತು. ಸ್ಪ್ಯಾನರ್ ನಟ್ಟಿಗೆ ಕೂತ ಮೇಲೆ ಮಾತ್ರ ನಿಂತಿತು. ಬಿಗಿದು ಮುಗಿಸಿ, "ರಾಮಾಂಜಿ, ಬಂದು ನೋಡು," ಎಂದರು. ರಾಮಾಂಜಿನಪ್ಪ ನಿಂತ ಜಾಗದಿಂದ ಕದಲಲಿಲ್ಲ. "ನಾ ಏನ್ ನೋಡೋದು ಭಾಯ್. ನೀನು ಮಾಡಿದ್ದೀಯ," ಎಂದರು.

ಆಮೇಲೆ ಗಾಳಿ ತೆಗೆಯುವ ಕೆಲಸ. ಹೊಸ ಹೋಸ್ ಹಾಕಿದಾಗ ಒಳಗೆ ಗಾಳಿ ಸೇರಿರುತ್ತದೆ. ಅದು ಎಣ್ಣೆಯೊಂದಿಗೆ ಬೆರೆತರೆ ನೊರೆಯಾಗಿ ಪಂಪ್ ನರಳುತ್ತದೆ. ಮುಂದಿನ ಎರಡೂ ಚಕ್ರವನ್ನು ಜಾಕ್ ಮೇಲೆತ್ತಿ, ಎಂಜಿನ್ ಆರಿಸಿಟ್ಟು, ಎಣ್ಣೆ ತುಂಬುತ್ತ ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ಇಪ್ಪತ್ತು ಸಲ ನಿಧಾನವಾಗಿ ತಿರುಗಿಸಬೇಕು. ತಿರುಗಿಸಿದ್ದು ರಾಮಾಂಜಿನಪ್ಪ. ಪಂಪಿನ ಎಣ್ಣೆ ಡಬ್ಬಿಯಲ್ಲಿ ಗುಳ್ಳೆ ಬರುವುದು ನಿಂತ ಮೇಲೆ ಎಂಜಿನ್ ಚಾಲೂ ಮಾಡಿದೆವು. ನಟ್ಟಿನ ಕೆಳಗೆ ಪೇಪರ್ ಹಾಸಿ ಅರ್ಧ ಗಂಟೆ ಕಾದೆವು. ಪೇಪರ್ ಒಣಗಿಯೇ ಇತ್ತು.

ಪುರವರಕ್ಕೂ ಹೋದೆ. ರಾಮಾಂಜಿನಪ್ಪನವರೇ ಕರೆದುಕೊಂಡು ಹೋದರು. ಆ ಹೆಣ್ಣುಮಗಳ ಅತ್ತೆ ನನ್ನ ಮಾತು ಮುಗಿಯುವ ಮೊದಲೇ ಎದ್ದು ಒಳಗೆ ಹೋದರು. ಹುಡುಗಿ ಮಾತ್ರ ಪೂರ್ತಿ ಕೇಳಿಸಿಕೊಂಡಳು. ಹುಬ್ಬಿನಲ್ಲಿ ಕೂದಲು ಬೆಳೆಯದ ಒಂದು ಬೆರಳಿನಗಲದ ಜಾಗವಿತ್ತು. "ಮನೆಗಂಟ ಬಂದು ಹೇಳಿದ್ರಲ್ಲ, ಬುಡಿ," ಎಂದಳು. ಅದು ಕ್ಷಮೆಯೋ, ಹೊರಡಿ ಎಂಬ ಸೂಚನೆಯೋ ನನಗೆ ಗೊತ್ತಾಗಲಿಲ್ಲ. ಎರಡೂ ನ್ಯಾಯವೇ.

ವಿಷಯ ಹರಡಿ ಕೆಲವು ಗಿರಾಕಿಗಳು ಬರುವುದು ಬಿಟ್ಟರು. ಬಹಳಷ್ಟು ಜನ ಬಿಡಲಿಲ್ಲ. ಈಗ ಕೆಲಸ ಕಡಿಮೆ ಮಾಡಿದ್ದೇನೆ. ಎರಡೂ ತುದಿ ಬಾಗಿದ ಹೋಸ್ ಬಂದರೆ ಗಾಡಿ ನೋಡದೆ ಕಟ್ಟರ್ ಮುಟ್ಟುವುದಿಲ್ಲ. ಕೈ ಸೋತ ದಿನ "ಇವತ್ತು ಆಗಲ್ಲ, ನಾಳೆ ಬನ್ನಿ" ಎಂದು ಹೇಳಲು ಕಲಿತಿದ್ದೇನೆ. ಬೈಯಿಸಿಕೊಂಡರೂ ಸರಿ. ದಣಿದ ಕೈ ಮಾಡಿದ ತಪ್ಪನ್ನು ಹೋಸ್ ಗುಟ್ಟಾಗಿ ಇಟ್ಟುಕೊಳ್ಳುತ್ತದೆ, ಟೆಸ್ಟ್ ಪಂಪಿನಲ್ಲೂ ಬಿಟ್ಟುಕೊಡುವುದಿಲ್ಲ. ಅದು ಹೊರಬೀಳುವ ಹೊತ್ತಿಗೆ ಬೇರೆ ಯಾರದೋ ಕೈ ಅದರ ಮೇಲಿರುತ್ತದೆ. ಎಲ್ಲರಿಗೂ ಕಾಣುವುದು ಆ ಕೈ ಮಾತ್ರ. ನನ್ನ ಕೆಲಸ ನನಗೆ ಕಲಿಸಿದ್ದು ಇದನ್ನೇ.

ಖಲೀಲ್ ಭಾಯ್ ಮತ್ತೆ ಶೆಡ್ ತೆರೆದು ಒಂದೂವರೆ ವರ್ಷ ಕೆಲಸ ಮಾಡಿದರು. ಆಮೇಲೆ ಒಂದು ದಿನ ಫೋನ್ ಮಾಡಿ, "ಸಾಕಮ್ಮ ಇನ್ನು, ಕೈ ನಿಲ್ತಾ ಇಲ್ಲ, ಮುಚ್ತಾ ಇದ್ದೀನಿ," ಎಂದರು. ಬೇಜಾರಾಯಿತೇ ಎಂದು ಕೇಳಿದೆ. ಇಲ್ಲ, ವಯಸ್ಸಾಯಿತಲ್ಲ ಎಂದರು. ಈ ಸಲ ಬಾಗಿಲು ಹಾಕುವುದನ್ನು ಅವರೇ ನಿರ್ಧರಿಸಿದ್ದರು.